ಧಾರಾಳ ಬಜೆಟ್ಟಿನ ಬಟ್ಟೆ ಖರೀದಿ: ಚಿಕ್ಕಪೇಟೆಯೋ, ಎಂ.ಜಿ. ರಸ್ತೆಯೋ, ಯುಬಿ ಸಿಟಿಯೋ?

ಮನೆಯಲ್ಲಿ ಮದುವೆ ಗೊತ್ತಾಗಿಯೋ, ಒಮ್ಮೆಯಾದರೂ ಒಳ್ಳೆಯದನ್ನೇ ಕೊಳ್ಳೋಣವೆಂದು ತೀರ್ಮಾನಿಸಿಯೋ ಬಟ್ಟೆಗೆಂದೇ ಎರಡು ಮೂರು ಲಕ್ಷ ರೂಪಾಯಿ ತೆಗೆದಿಟ್ಟವರಿಗೆ ಬೆಂಗಳೂರಿನಲ್ಲಿ ಅಂಗಡಿಗಳಿಗೇನೂ ಬರವಿಲ್ಲ. ಅವರಿಗೆ ಎದುರಾಗುವ ತೊಡಕೆಂದರೆ ಈ ಅಂಗಡಿಗಳನ್ನು ಒಂದಕ್ಕೊಂದು ಹೋಲಿಸುವುದು ಹೇಗೆ ಎಂಬುದು. ಐವತ್ತು ಸಾವಿರ ರೂಪಾಯಿಯ ಸೀರೆ ಚಿಕ್ಕಪೇಟೆಯಲ್ಲಿ ಸಿಗುತ್ತದೆ, ಅಷ್ಟೇ ಬೆಲೆಯ ಅಂಗಿ ಯುಬಿ ಸಿಟಿ ಮಾಲಿನಲ್ಲಿ ಸಿಗುತ್ತದೆ, ಅಷ್ಟೇ ಮೊತ್ತಕ್ಕೆ ಅಳತೆ ಕೊಟ್ಟು ಹೊಲಿಸಿದ ಸೂಟೂ ಆಗುತ್ತದೆ. ಆದರೆ ಸೀರೆಯಲ್ಲಿ ಆ ಹಣದ ದೊಡ್ಡ ಪಾಲು ರೇಷ್ಮೆಗೂ ಬೆಳ್ಳಿಗೂ ಸಲ್ಲುತ್ತದೆ, ಅಂಗಿಯಲ್ಲಿ ಹೆಸರಿಗೂ ಮಳಿಗೆಯ ಬಾಡಿಗೆಗೂ ಸಲ್ಲುತ್ತದೆ, ಸೂಟಿನಲ್ಲಿ ದರ್ಜಿಯ ಕೈಕೆಲಸಕ್ಕೆ ಸಲ್ಲುತ್ತದೆ. ಇವುಗಳಲ್ಲಿ ಯಾವುದಕ್ಕೆ ಹಣ ಕೊಡಲು ಮನಸ್ಸಿದೆ ಎಂಬುದು ಸ್ಪಷ್ಟವಾದರೆ ಯಾವ ರಸ್ತೆಗೆ ಹೋಗಬೇಕೆಂಬುದು ಬಹುಮಟ್ಟಿಗೆ ತಾನಾಗಿಯೇ ತೀರ್ಮಾನವಾಗುತ್ತದೆ. ಮುಂದಿನ ಹೋಲಿಕೆಯಲ್ಲಿ ರೇಷ್ಮೆಯ ಮಾತೇ ಹೆಚ್ಚಾಗಿದೆ. ಈ ಊರಿನಲ್ಲಿ ಬಟ್ಟೆಗೆ ದೊಡ್ಡ ಹಣ ಹರಿಯುವುದೂ, ಕೊಳ್ಳುವವರು ಮೋಸಹೋಗುವುದೂ ಹೆಚ್ಚಾಗಿ ಅಲ್ಲಿಯೇ ಎಂಬುದು ಅದಕ್ಕೆ ಕಾರಣ.

ಮೈಸೂರು ಸಿಲ್ಕ್: ಆಯ್ಕೆ ಕಡಿಮೆ, ಅನುಮಾನವೂ ಕಡಿಮೆ

ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸ್ವಿಟ್ಜರ್ಲೆಂಡಿನಿಂದ ತರಿಸಿದ ಮಗ್ಗಗಳೊಂದಿಗೆ ಆರಂಭವಾಯಿತು. 1980ರಿಂದ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ, ಅಂದರೆ ಎಲ್ಲರೂ ಕೆಎಸ್‌ಐಸಿ ಎಂದು ಕರೆಯುವ ಸಂಸ್ಥೆಯ ವಶದಲ್ಲಿದೆ. ಗೂಡಿನಿಂದ ನೂಲು ತೆಗೆಯುವುದರಿಂದ ಹಿಡಿದು ಸೀರೆಯನ್ನು ಮಡಿಸಿ ಪೆಟ್ಟಿಗೆಗೆ ಹಾಕುವವರೆಗಿನ ಕೆಲಸವೆಲ್ಲ ಒಂದೇ ಸಂಸ್ಥೆಯೊಳಗೆ ನಡೆಯುತ್ತದೆ. ಜರಿಯಲ್ಲಿ ಶೇ. 65ರಷ್ಟು ಬೆಳ್ಳಿ, ಶೇ. 0.65ರಷ್ಟು ಚಿನ್ನ ಇರುತ್ತದೆಂದು ನಿಗಮವೇ ಹೇಳುತ್ತದೆ, ಪ್ರತಿ ಸೀರೆಗೂ ಅದರದೇ ಸಂಖ್ಯೆಯಿರುತ್ತದೆ. ಬೆಲೆಯಲ್ಲಿ ಚೌಕಾಸಿಗೆ ಅವಕಾಶವಿಲ್ಲ. ಯಾವ ಮಳಿಗೆಗೆ ಹೋದರೂ ದರ ಒಂದೇ.

ಇದು ಕೈಮಗ್ಗದ ಸೀರೆಯಲ್ಲ, ವಿದ್ಯುತ್ ಮಗ್ಗದ ಸೀರೆ ಎಂಬುದನ್ನು ಮಾತ್ರ ತಿಳಿದುಕೊಳ್ಳಬೇಕು. ಹೊಸೆದ ನೂಲಿನ ಕ್ರೇಪ್ ಬಟ್ಟೆಯಾದ್ದರಿಂದ ನೆರಿಗೆ ಸಲೀಸಾಗಿ ಕೂರುತ್ತದೆ, ಇಡೀ ದಿನ ಉಟ್ಟರೂ ಮೈಗೆ ಭಾರವಾಗುವುದಿಲ್ಲ, ವರ್ಷಗಟ್ಟಲೆ ಬೀರುವಿನಲ್ಲಿದ್ದರೂ ಮಡಿಕೆಯ ಗೆರೆಯಲ್ಲಿ ಬೇಗ ಸೀಳುವುದಿಲ್ಲ. ಆದರೆ ಒಡಲು ಬಹುತೇಕ ಒಂದೇ ಬಣ್ಣದ್ದು, ಅಂಚುಗಳ ವಿನ್ಯಾಸ ಎಣಿಕೆಯವು. ಒಂದೇ ಮಂಟಪದಲ್ಲಿ ಒಂದೇ ಅಂಚಿನ ಸೀರೆಯುಟ್ಟ ಇಬ್ಬರು ಎದುರಾಗುವುದು ಅಪರೂಪವೇನಲ್ಲ. ಈಚಿನ ವರ್ಷಗಳಲ್ಲಿ ಬೇಡಿಕೆಗೆ ತಕ್ಕಷ್ಟು ಉತ್ಪಾದನೆ ಇಲ್ಲದೆ, ಹೊಸ ಸರಕು ಬರುವ ದಿನ ಮಳಿಗೆಗಳ ಮುಂದೆ ಬೆಳಗಿನ ಜಾವದಿಂದಲೇ ಸರತಿ ನಿಲ್ಲುವುದೂ ಟೋಕನ್ ಕೊಡುವುದೂ ನಡೆದಿದೆ. ಹಣ ಎಷ್ಟಿದ್ದರೂ ಬೇಕಾದ ಬಣ್ಣ ಬೇಕಾದ ದಿನ ಸಿಕ್ಕೇ ಸಿಗುತ್ತದೆ ಎನ್ನುವ ಹಾಗಿಲ್ಲ. ಆದ್ದರಿಂದ ಮುಹೂರ್ತದ ಸೀರೆಗೆ ಇದನ್ನೇ ನಂಬಿ ಕೊನೆಯ ವಾರದವರೆಗೆ ಕಾಯಬಾರದು. ಬೇರೆ ಅಂಗಡಿಗಳಲ್ಲಿ ‘ಮೈಸೂರು ಸಿಲ್ಕ್’ ಎಂದು ತೋರಿಸುವ ಕ್ರೇಪ್ ಸೀರೆಗಳಲ್ಲಿಯೂ ಚೆನ್ನಾಗಿರುವವು ಇವೆ. ಆದರೆ ಅವು ಕೆಎಸ್‌ಐಸಿಯ ಸೀರೆಗಳಲ್ಲ, ಅವುಗಳ ಜರಿಗೆ ನಿಗಮದ ಖಾತರಿಯೂ ಇಲ್ಲ. ಹಾಗಿರುವಾಗ ಅವುಗಳಿಗೆ ನಿಗಮದ ದರವನ್ನೇ ಕೊಡುವುದರಲ್ಲಿ ಅರ್ಥವಿಲ್ಲ.

ಗಾದಿಯ ಅಂಗಡಿ ಮತ್ತು ಗಾಜಿನ ಅಂಗಡಿ

ಕಂಚಿ, ಧರ್ಮಾವರಂ, ಬನಾರಸ್ ಸೀರೆಗಳಿಗೆ ಬೆಂಗಳೂರಿನಲ್ಲಿ ಎರಡು ದಾರಿಗಳಿವೆ. ಒಂದು ಚಿಕ್ಕಪೇಟೆಯದು: ಸುದರ್ಶನ್ ಸಿಲ್ಕ್ಸ್, ರುಕ್ಮಿಣಿ ಹಾಲ್‌ನಂಥ ಹಳೆಯ ಹೆಸರುಗಳು ಮತ್ತು ಅವುಗಳ ಸುತ್ತಲಿನ ಗಲ್ಲಿಗಳಲ್ಲಿರುವ ಸಗಟು ಮಳಿಗೆಗಳು. ಇನ್ನೊಂದು ಎಂ.ಜಿ. ರಸ್ತೆ, ಜಯನಗರ, ಇಂದಿರಾನಗರಗಳದು: ದೀಪಂ, ನಲ್ಲಿ, ಅಂಗಡಿ ಗ್ಯಾಲರಿಯಾ, ಟಾಟಾ ಸಮೂಹದ ಟೈಟನ್ 2017ರಲ್ಲಿ ಇಲ್ಲಿಯೇ ಆರಂಭಿಸಿದ ತನೈರಾ ಮೊದಲಾದವು. ಚಿಕ್ಕಪೇಟೆಯ ಗಾದಿಯ ಅಂಗಡಿಯಲ್ಲಿ ಚಪ್ಪಲಿ ಬಿಟ್ಟು ಬಿಳಿ ಹಾಸಿನ ಮೇಲೆ ಕುಳಿತರೆ ಅರ್ಧ ಗಂಟೆಯೊಳಗೆ ಐವತ್ತು ಸೀರೆ ಬಿಚ್ಚಿ ಹಾಸುತ್ತಾರೆ; ಬಿಚ್ಚಿಸಿದ್ದಕ್ಕೆ ಸಂಕೋಚಪಡಬೇಕಾಗಿಲ್ಲ, ಆದರೆ ಆ ಬಣ್ಣಗಳ ರಾಶಿಯಲ್ಲಿ ಕಣ್ಣು ದಣಿದು, ಕೊನೆಗೆ ಅಂಗಡಿಯವರು ಬೇಕೆಂದ ಸೀರೆಯನ್ನೇ ನಾವು ಹಿಡಿದಿರುತ್ತೇವೆ. ಎಂ.ಜಿ. ರಸ್ತೆಯ ಕಡೆಯ ಮಳಿಗೆಯಲ್ಲಿ ಕಡಿಮೆ ಸೀರೆಗಳನ್ನು ನಿಧಾನವಾಗಿ ತೋರಿಸುತ್ತಾರೆ, ನೇಯ್ಗೆಯ ವಿವರ ಕೇಳಿದರೆ ಹೇಳಬಲ್ಲವರು ಇರುತ್ತಾರೆ, ಬದಲಾಯಿಸಿಕೊಡುವ ನಿಯಮ ಬಿಲ್ಲಿನ ಹಿಂದೆ ಅಚ್ಚಾಗಿರುತ್ತದೆ. ಅದೇ ದರ್ಜೆಯ ಸೀರೆಗೆ ಅಲ್ಲಿ ಹೆಚ್ಚು ಹಣ ಕೊಡಬೇಕಾಗುವುದು ಸಹಜ.

ನನ್ನ ಅಭಿಪ್ರಾಯ ಇಷ್ಟು: ಇಪ್ಪತ್ತೈದು ಸಾವಿರದವರೆಗಿನ ಸೀರೆಗಳನ್ನು, ಅದರಲ್ಲೂ ನೆಂಟರಿಷ್ಟರಿಗೆ ಉಡುಗೊರೆಯಾಗಿ ಹತ್ತಾರು ಕೊಳ್ಳಬೇಕಾದಾಗ, ಚಿಕ್ಕಪೇಟೆಯಲ್ಲೇ ಕೊಳ್ಳಬೇಕು. ಧಾರೆಯ ಸೀರೆಗೆ ಎಂಬತ್ತು ಸಾವಿರವನ್ನೋ ಒಂದೂವರೆ ಲಕ್ಷವನ್ನೋ ಕೊಡುವವರು ಮಾತ್ರ ಜರಿಯ ಬಗ್ಗೆ ಬರವಣಿಗೆಯಲ್ಲಿ ಉತ್ತರ ಕೊಡುವ ಅಂಗಡಿಗೆ ಹೋಗಬೇಕು. ಅದು ಯಾವ ಬೀದಿಯಲ್ಲಿದ್ದರೂ ಸರಿ. ಬೆಲೆ ಒಂದು ಹಂತವನ್ನು ದಾಟಿದ ಮೇಲೆ ನಾವು ಕೊಳ್ಳುವುದು ಹೆಚ್ಚಾಗಿ ಬೆಳ್ಳಿಯನ್ನು, ಮತ್ತು ಬೆಳ್ಳಿಯ ದರ ಏರಿದಾಗಲೆಲ್ಲ ಈ ಸೀರೆಗಳ ದರವೂ ಏರುತ್ತದೆ.

ರೇಷ್ಮೆಯ ಶುದ್ಧತೆ ಮತ್ತು ಜರಿಯ ಶುದ್ಧತೆ ಎರಡು ಬೇರೆ ವಿಷಯಗಳು, ಗಿರಾಕಿಗಳು ಅವೆರಡನ್ನೂ ಒಂದೆಂದು ತಿಳಿಯುವುದೇ ಹೆಚ್ಚು. ಸೀರೆಗೆ ಕಟ್ಟಿರುವ ಸಿಲ್ಕ್ ಮಾರ್ಕ್ ಚೀಟಿಯನ್ನು ಕೊಡುವುದು ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದ ಸಂಸ್ಥೆ. ಟ್ರಾಫಿಕ್ಕಿನ ಕಾರಣಕ್ಕೆ ನಗರವೆಲ್ಲ ಶಪಿಸುವ ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ಹೆಸರು ಬಂದದ್ದು ಇದೇ ಮಂಡಳಿಯ ಕಚೇರಿಯಿಂದ. ಆ ಚೀಟಿ ಹೇಳುವುದು ನೂಲು ಅಪ್ಪಟ ರೇಷ್ಮೆ ಎಂಬುದನ್ನು ಮಾತ್ರ. ಜರಿಯಲ್ಲಿ ಬೆಳ್ಳಿಯಿದೆಯೋ ತಾಮ್ರವಿದೆಯೋ ಪ್ಲಾಸ್ಟಿಕ್ಕಿದೆಯೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಅಂಗಡಿಯವರು ‘ಹಾಫ್ ಫೈನ್’ ಎಂದೋ ‘ಟೆಸ್ಟೆಡ್’ ಎಂದೋ ಹೇಳಿದರೆ ಅದು ಬೆಳ್ಳಿಯ ಅಸಲಿ ಜರಿಯಲ್ಲ ಎಂದೇ ತಿಳಿಯಬೇಕು. ಸೀರೆಯನ್ನು ತಿರುಗಿಸಿ, ಅಂಚಿನ ಹಿಂಬದಿಯಲ್ಲಿ ಬಿಡಿಯಾಗಿ ನಿಂತಿರುವ ಒಂದೆಳೆಯನ್ನು ಅಂಗಡಿಯವರ ಒಪ್ಪಿಗೆ ಪಡೆದು ಉಗುರಿನಿಂದ ಮೆಲ್ಲನೆ ಕೆರೆದರೆ, ಅಸಲಿ ಜರಿಯಲ್ಲಿ ಲೋಹದ ತಗಡು ಬಿಟ್ಟುಕೊಂಡು ಒಳಗಿನ ರೇಷ್ಮೆಯೆಳೆ ಕಾಣುತ್ತದೆ. ಪ್ಲಾಸ್ಟಿಕ್ ಜರಿಯಾದರೆ ಹೊಳಪಿನ ಪದರ ಸಿಪ್ಪೆಯಂತೆ ಎದ್ದು ಬರುತ್ತದೆ. ಜರಿಯ ಲೋಹಾಂಶವನ್ನು ಅಳೆಯುವ ಯಂತ್ರ ಕೆಲವು ದೊಡ್ಡ ಮಳಿಗೆಗಳಲ್ಲಿದೆ. ಲಕ್ಷದ ಸೀರೆಯನ್ನು ಆ ಯಂತ್ರಕ್ಕೆ ಹಿಡಿದು ತೋರಿಸಿ ಎಂದು ಕೇಳುವುದರಲ್ಲಿ ಯಾವ ಅವಮರ್ಯಾದೆಯೂ ಇಲ್ಲ.

ಕೈಕೆಲಸಕ್ಕೆ ಹಣ ಕೊಡುತ್ತಿದ್ದೇವೆ ಎನ್ನುವವರು ಕಂಚಿ ಸೀರೆಯಲ್ಲಿ ಒಡಲೂ ಅಂಚೂ ಕೂಡುವ ಗೆರೆಯನ್ನು ನೋಡಬೇಕು. ಕೊರವೈ ನೇಯ್ಗೆಯಲ್ಲಿ ಒಡಲಿಗೊಂದು, ಎರಡು ಅಂಚುಗಳಿಗೆರಡು ಹೀಗೆ ಮೂರು ಲಾಳಿಗಳು ಓಡುತ್ತವೆ, ಮಗ್ಗದಲ್ಲಿ ನೇಕಾರರ ಜೊತೆಗೆ ಇನ್ನೊಬ್ಬರು ಕೂರಬೇಕಾಗುತ್ತದೆ. ಎರಡು ಬಣ್ಣಗಳು ಅಲ್ಲಿ ಒಂದರೊಳಗೊಂದು ಹಲ್ಲು ಕಚ್ಚಿದಂತೆ ಸೇರಿರುತ್ತವೆ. ಸೆರಗಿನ ಬಣ್ಣ ಒಡಲಿಗಿಂತ ಬೇರೆಯಾಗಿದ್ದರೆ ಅವೆರಡೂ ಸೇರುವಲ್ಲಿ ಸಣ್ಣಗೆ ಉಬ್ಬಿದ ಒಂದು ಪಟ್ಟಿ ಬೆರಳಿಗೆ ಸಿಗುತ್ತದೆ. ಅದು ದೋಷವಲ್ಲ, ಹೊಸ ಹಾಸು ನೂಲನ್ನು ಕೈಯಿಂದ ಹೊಸೆದು ಸೇರಿಸಿದ ಗುರುತು. ಈ ಎರಡೂ ಗುರುತುಗಳಿಲ್ಲದ ಸೀರೆ ಕೆಟ್ಟದ್ದೆಂದಲ್ಲ, ಆದರೆ ಅದಕ್ಕೆ ಕೊರವೈ ಬೆಲೆ ಕೊಡಬಾರದು.

ಇಳಕಲ್ಲಿಗೆ ಹೆಚ್ಚು ಹಣ ಕೊಡಬಹುದೇ?

ಧಾರಾಳವಾಗಿ ಖರ್ಚು ಮಾಡುವವರು ನಮ್ಮ ನಾಡಿನ ಕೈಮಗ್ಗದತ್ತ ತಿರುಗಿ ನೋಡುವುದು ಕಡಿಮೆ. ಇಳಕಲ್ ಎಂದರೆ ಎರಡು ಮೂರು ಸಾವಿರದ ಸೀರೆ ಎಂಬ ಕಲ್ಪನೆ ಬಲವಾಗಿ ಬೇರೂರಿದೆ. ಆ ಬೆಲೆಯ ಹತ್ತಿ ಮತ್ತು ಚಮಕಾ, ಅಂದರೆ ಕೃತಕ ರೇಷ್ಮೆಯ, ಸೀರೆಗಳು ಇರುವುದು ನಿಜವಾದರೂ, ಒಡಲೂ ಸೆರಗೂ ಎರಡೂ ಅಪ್ಪಟ ರೇಷ್ಮೆಯಾಗಿರುವ ಇಳಕಲ್ ಬೇರೆಯೇ ವಸ್ತು. ಇಲ್ಲಿಯೂ ಗುರುತು ಸೆರಗಿನಲ್ಲಿದೆ: ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಸೇರಿಸಿರುತ್ತಾರೆ, ಕೆಂಪು ಸೆರಗಿನ ಮೇಲೆ ಬಿಳಿಯ ತೆನೆಗಳ ಸಾಲು ಬರುತ್ತದೆ. ಅದರ ಮೇಲೆ ಕೈಯಿಂದ ಹಾಕಿದ ಧಾರವಾಡದ ಕಸೂತಿಯನ್ನು ಮಾಡಿಸಿಕೊಂಡರೆ, ನನ್ನ ಕಣ್ಣಿಗೆ, ಅದೇ ಹಣದ ಯಾವ ಡಿಸೈನರ್ ಸೀರೆಯೂ ಅದರ ಪಕ್ಕದಲ್ಲಿ ನಿಲ್ಲಲಾರದು. ಕೈ ಕಸೂತಿಯನ್ನು ಯಂತ್ರದ ಕಸೂತಿಯಿಂದ ಬೇರ್ಪಡಿಸುವುದು ಸುಲಭ: ಗವಂತಿ ಮತ್ತು ಮುರಗಿ ಹೊಲಿಗೆಗಳು ಮುಂಬದಿಯಲ್ಲೂ ಹಿಂಬದಿಯಲ್ಲೂ ಒಂದೇ ತರಹ ಕಾಣುತ್ತವೆ, ಎಲ್ಲಿಯೂ ಗಂಟು ಇರುವುದಿಲ್ಲ, ಯಂತ್ರದ ಕೆಲಸವಾದರೆ ಹಿಂದೆ ನೂಲಿನ ಗೋಜಲೋ ಅಂಟಿಸಿದ ಕಾಗದದಂಥ ಪದರವೋ ಸಿಗುತ್ತದೆ. ಎಳೆ ಎಣಿಸಿ ಹಾಕುವ ಈ ಕೆಲಸಕ್ಕೆ ತಿಂಗಳುಗಳೇ ಹಿಡಿಯುವುದರಿಂದ ತುಂಬ ಮೊದಲೇ ಹೇಳಿಡಬೇಕಾಗುತ್ತದೆ. ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗಳು ಮತ್ತು ಎಂ.ಜಿ. ರಸ್ತೆಯ ಕಾವೇರಿ ಎಂಪೋರಿಯಂ ವಿಚಾರಿಸಲು ಒಳ್ಳೆಯ ಜಾಗಗಳು. ಅಲ್ಲಿ ಮಾರಾಟದ ಉತ್ಸಾಹ ಸರ್ಕಾರಿ ಮಟ್ಟದ್ದೇ, ಸರಕನ್ನು ನಾವೇ ಕೇಳಿ ಕೆಳಗಿಳಿಸಬೇಕು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ರೇಷ್ಮೆಯನ್ನೂ ಇದೇ ಸಾಲಿನಲ್ಲಿ ನೋಡಬಹುದು.

ಗಂಡಸರ ಉಡುಪು: ಮಾಲಿಗಿಂತ ದರ್ಜಿಯೇ ಲೇಸು

ಗಂಡಸರ ವಿಷಯದಲ್ಲಿ ತೀರ್ಪು ನೇರವಾಗಿದೆ. ನಲವತ್ತು ಸಾವಿರ ಮೀರುವ ಸೂಟು ಅಥವಾ ಬಂದ್‌ಗಲಾ ಕೋಟನ್ನು ಸಿದ್ಧ ಉಡುಪಿನ ಬ್ರ್ಯಾಂಡ್ ಮಳಿಗೆಯಲ್ಲಿ ಕೊಳ್ಳುವುದಕ್ಕಿಂತ ಅಳತೆ ಕೊಟ್ಟು ಹೊಲಿಸುವುದು ಒಳ್ಳೆಯದು, ಅದರಲ್ಲೂ ಭುಜ ಇಳಿಜಾರಾಗಿರುವವರಿಗೆ, ಹೊಟ್ಟೆ ಬಂದಿರುವವರಿಗೆ, ಅಂದರೆ ನಮ್ಮಲ್ಲಿ ಮುಕ್ಕಾಲು ಮಂದಿಗೆ. ದಂಡು ಪ್ರದೇಶದ ಬ್ರಿಟಿಷರಿಗೆ ಹೊಲಿಯುತ್ತ 1923ರಲ್ಲಿ ಆರಂಭವಾದ ಪಿ.ಎನ್. ರಾವ್ ಈ ಊರಿನ ಪ್ರಸಿದ್ಧ ಹೆಸರು. ಅದಲ್ಲದೆ ರೇಮಂಡ್‌ನಂಥ ಕಂಪನಿಗಳ ಅಳತೆ ವಿಭಾಗಗಳಿವೆ, ಮಲ್ಲೇಶ್ವರ, ಬಸವನಗುಡಿಗಳಲ್ಲಿ ತಲೆಮಾರಿನಿಂದ ಕೋಟು ಹೊಲಿಯುತ್ತ ಬಂದ ದರ್ಜಿಗಳಿದ್ದಾರೆ.

ಇವರಲ್ಲಿ ಯಾರ ಬಳಿಗೆ ಹೋದರೂ ಕೇಳಬೇಕಾದದ್ದು ಕೋಟಿನ ಎದೆಯೊಳಗೆ ಏನು ಹಾಕುತ್ತೀರಿ ಎಂಬುದನ್ನು. ಅಗ್ಗದ ವಿಧಾನದಲ್ಲಿ ಒಳಪದರವನ್ನು ಶಾಖ ಕೊಟ್ಟು ಬಟ್ಟೆಗೆ ಅಂಟಿಸುತ್ತಾರೆ, ಹಲವು ಸಲ ಡ್ರೈ ಕ್ಲೀನ್ ಆದ ಮೇಲೆ ಆ ಅಂಟು ಬಿಟ್ಟು ಎದೆಯ ಮೇಲೆ ಗುಳ್ಳೆಗಳೇಳುತ್ತವೆ. ದುಬಾರಿ ವಿಧಾನದಲ್ಲಿ ಕ್ಯಾನ್ವಾಸನ್ನು ಹೊಲಿದು ಕೂರಿಸುತ್ತಾರೆ, ಅದು ದಿನ ಕಳೆದಂತೆ ತೊಟ್ಟವರ ಮೈಗೆ ಹೊಂದಿಕೊಳ್ಳುತ್ತದೆ. ಕೋಟಿನ ಕೆಳಗಿನ ಗುಂಡಿಯ ಹತ್ತಿರ ಹೊರಬಟ್ಟೆಯನ್ನೂ ಒಳಬಟ್ಟೆಯನ್ನೂ ಎರಡು ಬೆರಳುಗಳಲ್ಲಿ ಹಿಡಿದು ಬೇರ್ಪಡಿಸಿ ನೋಡಿದಾಗ ನಡುವೆ ಮೂರನೆಯ ಪದರವೊಂದು ಬಿಡಿಯಾಗಿ ಸರಿದಾಡಿದರೆ ಅದು ಪೂರ್ತಿ ಕ್ಯಾನ್ವಾಸಿನದು. ಅಂಟಿಸಿದ ಕೋಟಿಗೆ ಎಪ್ಪತ್ತು ಸಾವಿರ ಕೇಳುವವರಿದ್ದಾರೆ, ಬಟ್ಟೆಯ ಥಾನಿನ ಮೇಲಿನ ವಿದೇಶಿ ಹೆಸರನ್ನು ತೋರಿಸಿಯೇ ಕೇಳುತ್ತಾರೆ. ಬೆಂಗಳೂರಿನ ಹವೆಗೆ ದಪ್ಪ ಉಣ್ಣೆ ಬೇಡ. ತೆಳುವಾದ ಉಣ್ಣೆಯೋ ಉಣ್ಣೆ ಮತ್ತು ಲಿನನ್ ಬೆರೆತದ್ದೋ ಸಾಕು. ಹೊಳಪಿನ ಅತಿ ನುಣುಪು ಬಟ್ಟೆ ಕೈಗೆ ಹಿತವಾದರೂ ಬೇಗ ಸುಕ್ಕಾಗುತ್ತದೆ, ಬೇಗ ಸವೆಯುತ್ತದೆ.

ಶೇರ್ವಾನಿಗೆ ದೊಡ್ಡ ಹಣ ಹಾಕುವುದನ್ನು ನಾನು ಬೇಡವೆನ್ನುತ್ತೇನೆ. ಆರತಕ್ಷತೆಯ ಒಂದು ಸಂಜೆಗೆ ಅದನ್ನು ಬಾಡಿಗೆಗೆ ತಂದರೆ ಸಾಕು. ಧಾರೆಗೆ ಬೇಕಾದ ರೇಷ್ಮೆ ಪಂಚೆ ಮತ್ತು ಶಲ್ಯವನ್ನು ಮಾತ್ರ ಒಳ್ಳೆಯದನ್ನೇ ಕೊಳ್ಳಬೇಕು, ಹಬ್ಬಹುಣ್ಣಿಮೆಗಳಲ್ಲಿ ಅದು ಮತ್ತೆ ಮತ್ತೆ ಹೊರಬರುತ್ತದೆ.

ಮಾಲುಗಳು, ಡಿಸೈನರ್‌ಗಳು, ಕಮರ್ಷಿಯಲ್ ಸ್ಟ್ರೀಟ್

ವಿಠಲ ಮಲ್ಯ ರಸ್ತೆಯ ಯುಬಿ ಸಿಟಿಯ ಐಷಾರಾಮಿ ಮಳಿಗೆಗಳು 2008ರಲ್ಲಿ ತೆರೆದವು; ಬಳ್ಳಾರಿ ರಸ್ತೆಯ ಫೀನಿಕ್ಸ್ ಮಾಲ್ ಆಫ್ ಏಷ್ಯಾ 2023ರ ಅಕ್ಟೋಬರ್‌ನಲ್ಲಿ ಬಂತು. ಹೊರದೇಶದ ದೊಡ್ಡ ಹೆಸರುಗಳೇ ಬೇಕೆಂದರೆ ಇವೆರಡು ಜಾಗಗಳಿವೆ, ಹೆಚ್ಚು ಹೇಳುವುದಕ್ಕೇನೂ ಇಲ್ಲ. ಆಮದು ಸುಂಕವೂ ಸೇರುವುದರಿಂದ ಅದೇ ಉಡುಪು ತಯಾರಾದ ದೇಶದಲ್ಲಿ ಇಲ್ಲಿಗಿಂತ ಅಗ್ಗವಾಗಿ ಸಿಗುವುದು ಸಾಮಾನ್ಯ. ಮನೆಯವರು ಯಾರಾದರೂ ಯುರೋಪಿಗೋ ದುಬೈಗೋ ಹೋಗಿಬರುವವರಿದ್ದರೆ ಇಲ್ಲಿ ಅಳತೆ ನೋಡಿಕೊಂಡು ಅಲ್ಲಿಂದ ತರಿಸುವುದು ಜಾಣತನ. ಜನವರಿ ಮತ್ತು ಜುಲೈ ಸುಮಾರಿನ ಋತು ಬದಲಾವಣೆಯ ರಿಯಾಯಿತಿಗೆ ಕಾಯಬಲ್ಲವರಿಗೆ ಮಾತ್ರ ಈ ಮಾಲುಗಳು ಲಾಭದಾಯಕ.

ಲೆಹಂಗಾ, ಗೌನು, ಕಸೂತಿ ತುಂಬಿದ ಅನಾರ್ಕಲಿಗಳ ವಿಷಯ ಹೆಚ್ಚು ಗೋಜಲಿನದು. ಇಂದಿರಾನಗರ, ಲ್ಯಾವೆಲ್ ರಸ್ತೆಗಳ ಡಿಸೈನರ್ ಮಳಿಗೆಗಳಲ್ಲಿ ನಾವು ಹಣ ಕೊಡುವುದು ವಿನ್ಯಾಸಕ್ಕೆ. ಕಮರ್ಷಿಯಲ್ ಸ್ಟ್ರೀಟಿನ ಬೂಟೀಕುಗಳಲ್ಲಿ ಮತ್ತು ಮೈಸೂರು ಸ್ಯಾರಿ ಉದ್ಯೋಗ್‌ನಂಥ ದೊಡ್ಡ ಮಳಿಗೆಗಳಲ್ಲಿ ಸರಕಿಗೆ. ಮೊದಲನೆಯದರಲ್ಲಿ ಬಣ್ಣಗಳ ಹದ, ಒಳಮೈಯ ಅಚ್ಚುಕಟ್ಟು, ಸರಿಯಾಗಿ ಕೂರುವ ಸೊಂಟ ಸಿಗುತ್ತವೆ. ಎರಡನೆಯದರಲ್ಲಿ ಅದೇ ದುಡ್ಡಿಗೆ ಕೆಲಸ ಒತ್ತಾಗಿರುತ್ತದೆ, ಆದರೆ ಚಿತ್ರ ತೋರಿಸಿ ಹೀಗೇ ಮಾಡಿಕೊಡಿ ಎಂದರೆ ಬರುವುದು ಹಾಗೇ ಇರುತ್ತದೆಂಬ ನಂಬಿಕೆಯಿಲ್ಲ. ಮಾಡಿಸುವುದೇ ಆದರೆ ಅದೇ ಬಟ್ಟೆಯ ಮೇಲೆ ಅದೇ ಮಣಿ, ಅದೇ ಜರದೋಜಿ ಹಾಕಿದ ಅಂಗೈಯಗಲದ ಮಾದರಿಯನ್ನು ಮೊದಲು ಮಾಡಿಸಿಕೊಂಡು, ಅದರ ಮೇಲೆ ದಿನಾಂಕ ಹಾಕಿಸಿ ನಾವೇ ಇಟ್ಟುಕೊಳ್ಳಬೇಕು. ಮುಂಗಡವಾಗಿ ಅರ್ಧಕ್ಕಿಂತ ಹೆಚ್ಚು ಕೊಡಬಾರದು. ಲೇಸು, ಗೊಂಡೆ, ಅಂಚುಪಟ್ಟಿಗಳಿಗೆ ಪಕ್ಕದ ಇಬ್ರಾಹಿಂ ಸಾಹೇಬ್ ಸ್ಟ್ರೀಟಿಗೆ ಹೋದರೆ ಬೂಟೀಕಿನವರು ಅದೇ ಲೇಸಿಗೆ ಎಷ್ಟು ಸೇರಿಸಿದ್ದಾರೆಂಬುದೂ ಗೊತ್ತಾಗುತ್ತದೆ.

ತೆರಿಗೆ ಮತ್ತು ಬಿಲ್ಲು

ಸೀರೆಯನ್ನೂ ಲೆಹಂಗಾವನ್ನೂ ಹೋಲಿಸುವಾಗ ತೆರಿಗೆಯ ವ್ಯತ್ಯಾಸವನ್ನು ಯಾರೂ ಎಣಿಸುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ, 2,500 ರೂಪಾಯಿ ಮೀರಿದ ಹೊಲಿದ ಉಡುಪಿಗೆ ಶೇ. 18ರ ಜಿಎಸ್‌ಟಿ ಇದೆ. ನೇಯ್ದ ಸೀರೆಗೂ ಥಾನಿನ ಬಟ್ಟೆಗೂ ಬೆಲೆ ಎಷ್ಟೇ ಇದ್ದರೂ ಶೇ. 5. ತೆರಿಗೆ ಸೇರುವ ಮುನ್ನ ಒಂದು ಲಕ್ಷವಿರುವ ಲೆಹಂಗಾದ ಮೇಲೆ ಹದಿನೆಂಟು ಸಾವಿರ ಬೀಳುವಲ್ಲಿ ಅಷ್ಟೇ ಬೆಲೆಯ ಸೀರೆಯ ಮೇಲೆ ಬೀಳುವುದು ಐದು ಸಾವಿರ. ಹೇಳುವ ಬೆಲೆಯಲ್ಲಿ ಅದು ಸೇರಿದೆಯೇ ಇಲ್ಲವೇ ಎಂದು ಮೊದಲೇ ಕೇಳಬೇಕು. ಬಿಲ್ಲಿಲ್ಲದೆ ಕೊಟ್ಟರೆ ಇಷ್ಟು ಬಿಡುತ್ತೇವೆ ಎನ್ನುವವರ ಮಾತಿಗೆ ಒಪ್ಪಬಾರದು. ಜರಿ ನಕಲಿಯೆಂದು ನಾಳೆ ಗೊತ್ತಾದರೆ ಗ್ರಾಹಕರ ಆಯೋಗದ ಮುಂದೆ ಇಡಲು ಕಾಗದವೇ ಇರುವುದಿಲ್ಲ. ಬಿಲ್ಲಿನ ಮೇಲೆ ‘ರೇಷ್ಮೆ ಸೀರೆ’ ಎಂದಷ್ಟೇ ಬರೆಸದೆ ‘ಅಪ್ಪಟ ರೇಷ್ಮೆ, ಬೆಳ್ಳಿ ಜರಿ, ಕೈಮಗ್ಗ’ ಎಂದು ಬರೆಸಬೇಕು. ಒಂದೇ ವ್ಯವಹಾರದಲ್ಲಿ ಎರಡು ಲಕ್ಷ ಅಥವಾ ಹೆಚ್ಚಿನ ಮೊತ್ತವನ್ನು ಅಂಗಡಿಯವರು ನಗದಾಗಿ ಪಡೆಯುವಂತಿಲ್ಲ, ಆದ್ದರಿಂದ ಬ್ಯಾಂಕಿನ ಮೂಲಕವೇ ಕೊಡುವ ಸಿದ್ಧತೆಯಲ್ಲಿ ಹೋಗಬೇಕು.

ಹಣ ಹಂಚುವುದು, ಸಮಯ ಹಂಚುವುದು

ಮೂರು ಲಕ್ಷದ ಮದುವೆ ಖರೀದಿಯಾದರೆ ನಾನು ಒಂದು ಲಕ್ಷದ ಸುಮಾರನ್ನು ಧಾರೆಯ ಸೀರೆಯೊಂದಕ್ಕೇ ಇಡುತ್ತೇನೆ, ಅರವತ್ತು ಸಾವಿರದಷ್ಟನ್ನು ಮದುಮಗನ ಕೋಟು ಮತ್ತು ಪಂಚೆಗೆ, ಒಂದು ಲಕ್ಷವನ್ನು ಮೈಸೂರು ಸಿಲ್ಕ್, ಇಳಕಲ್ ಮತ್ತು ಉಡುಗೊರೆಯ ಸೀರೆಗಳಿಗೆ. ಉಳಿದದ್ದು ರವಿಕೆಗಳಿಗೆ, ಬಾಡಿಗೆಯ ಉಡುಪುಗಳಿಗೆ ಹೋಗುತ್ತದೆ. ರವಿಕೆಗೆ ಅಷ್ಟು ಹಣವೇ ಎಂದು ಹುಬ್ಬೇರಿಸಬೇಕಾಗಿಲ್ಲ: ಮಗ್ಗಂ ವರ್ಕ್ ಇರುವ ಒಂದು ರವಿಕೆ ಸಾವಿರಗಳನ್ನು ನುಂಗುತ್ತದೆ, ಫಾಲ್, ಪಿಕೊ, ಕುಚ್ಚು ಬೇರೆ. ತೋಳು ಸರಿಯಾಗಿ ಕೂರದ ರವಿಕೆಯ ಮೇಲೆ ಲಕ್ಷದ ಸೀರೆಯೂ ಸಪ್ಪೆಯಾಗಿ ಕಾಣುತ್ತದೆ.

ಕೈ ಕಸೂತಿ ಮಾಡಿಸುವವರು ಎಲ್ಲಕ್ಕಿಂತ ಮೊದಲು ಅದನ್ನು ಹೇಳಿಡಬೇಕು, ಧಾರೆಯ ಸೀರೆಯನ್ನು ಎರಡು ತಿಂಗಳ ಮೊದಲೇ ಕೊಂಡು ರವಿಕೆಗೆ ಕೊಡಬೇಕು, ಕೋಟಿಗೆ ಎರಡು ಮೂರು ಟ್ರಯಲ್‌ಗಳು ಸೇರಿ ಒಂದು ತಿಂಗಳು ಇಟ್ಟುಕೊಳ್ಳಬೇಕು. ಆಷಾಢದಲ್ಲಿ ರೇಷ್ಮೆ ಅಂಗಡಿಗಳು ರಿಯಾಯಿತಿ ಕೊಡುವುದರಿಂದ ಶ್ರಾವಣದ ನಂತರ ಮದುವೆಯಿರುವವರು ಉಡುಗೊರೆಯ ಸೀರೆಗಳನ್ನು ಆಗಲೇ ಮುಗಿಸಿಕೊಳ್ಳಬಹುದು, ಆದರೆ ಧಾರೆಯ ಸೀರೆಯನ್ನು ರಿಯಾಯಿತಿಯ ರಾಶಿಯಲ್ಲಿ ಹುಡುಕಬಾರದು. ಚಿಕ್ಕಪೇಟೆಯ ಸಗಟು ಮಳಿಗೆಗಳಲ್ಲಿ ಹಲವು ಭಾನುವಾರ ಮುಚ್ಚಿರುತ್ತವೆ, ಶನಿವಾರ ಕಾಲಿಡಲು ಜಾಗವಿರುವುದಿಲ್ಲ. ವಾರದ ನಡುವಿನ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಕಾರನ್ನು ಮನೆಯಲ್ಲೇ ಬಿಟ್ಟು, ಹಸಿರು ಮಾರ್ಗದ ಮೆಟ್ರೊದಲ್ಲಿ ಚಿಕ್ಕಪೇಟೆ ನಿಲ್ದಾಣದಲ್ಲಿ ಇಳಿದು, ಬಣ್ಣ ನೋಡಿ ಹೇಳಬಲ್ಲ ಒಬ್ಬರನ್ನು ಮಾತ್ರ ಜೊತೆಗೆ ಕರೆದುಕೊಂಡು ಹೋಗುವುದು ಸರಿ. ಅಂಗಡಿಯ ದೀಪದ ಬೆಳಕಿನಲ್ಲಿ ಬಣ್ಣಗಳು ಬೇರೆಯಾಗಿ ಕಾಣುವುದರಿಂದ, ಕೊನೆಗೆ ಆರಿಸಿದ ಎರಡು ಮೂರು ಸೀರೆಗಳನ್ನು ಬಾಗಿಲ ಹತ್ತಿರದ ಬಿಸಿಲಿಗೆ ತರಿಸಿ ನೋಡಿಯೇ ಬಿಲ್ಲು ಮಾಡಿಸಬೇಕು.